ಬ್ರೀದರ್ ಪೈಪಿನಲ್ಲಿ ಆಯಿಲ್ ಬರ್ತಿದೆಯಾ? ಇಂಜಿನ್ ಬಿಚ್ಚೋಕೆ ಮುಂಚೆ ಇಷ್ಟು ನೋಡಿ

ಮಂಡ್ಯದಿಂದ ಸೋದರಮಾವ ಫೋನ್ ಮಾಡಿದ್ದರು. "ಲೋ, ಕಾರಿನ ಏರ್ ಫಿಲ್ಟರ್ ಒಳಗೆಲ್ಲ ಆಯಿಲ್ ಕಣ್ಲಾ. ಬ್ಯಾಕ್ ಕಂಪ್ರೆಷನ್ ಬತ್ತಾ ಅದೆ, ಹಾಫ್ ಇಂಜಿನ್ ಕೆಲ್ಸ ಮಾಡುಸ್ಬೇಕು ಅಂತಾವ್ರೆ ಗ್ಯಾರೇಜ್ನೋರು."

ಹಾಫ್ ಇಂಜಿನ್ ಕೆಲಸ ಅಂದ್ರೆ ಇಂಜಿನ್ ಬಿಚ್ಚಿ ಪಿಸ್ಟನ್ ರಿಂಗ್ ವಗೈರೆ ಬದಲಾಯಿಸೋದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ, ಓಡಿರೋದು 92 ಸಾವಿರ ಕಿಲೋಮೀಟರ್. "ಸೈಲೆನ್ಸರಲ್ಲಿ ನೀಲಿ ಹೊಗೆ ಬರುತ್ತಾ ಮಾವ?" ಅಂದೆ. ಇಲ್ಲ ಅಂದರು. ಪಿಕಪ್ ಬಿದ್ದಿದೆಯಾ ಅಂದೆ. ಅದೂ ಇಲ್ಲ. "ಹಂಗಾದ್ರೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ, ಭಾನುವಾರ ಮೈಸೂರಿಗೆ ತನ್ನಿ" ಅಂದೆ.

ಆ ಭಾನುವಾರ ಕುವೆಂಪುನಗರದ ನಮ್ಮ ಮನೆ ಮುಂದೆ ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕ್ರಮ ಮುಖ್ಯ. ಪುಕ್ಕಟೆ ಪರೀಕ್ಷೆ ಮೊದಲು, ನೂರಾರು ರೂಪಾಯಿಯದ್ದು ಆಮೇಲೆ, ಸಾವಿರಾರು ರೂಪಾಯಿಯದ್ದು ಕೊನೆಗೆ. ಬಹಳಷ್ಟು ಜನ ಇದನ್ನು ತಲೆಕೆಳಗಾಗಿ ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ.

ಬ್ರೀದರ್ ಮಾಡೋ ಕೆಲಸ

ಪಿಸ್ಟನ್ ಸುತ್ತ ಇರೋ ರಿಂಗ್ ಎಷ್ಟೇ ಹೊಸದಾಗಿರಲಿ, ಪೆಟ್ರೋಲ್ ಉರಿದಾಗ ಹುಟ್ಟೋ ಒತ್ತಡದಲ್ಲಿ ಒಂದಿಷ್ಟು ಗ್ಯಾಸ್ ರಿಂಗ್ ಪಕ್ಕದಿಂದ ನುಸುಳಿ ಕೆಳಗೆ ಎಣ್ಣೆ ಇರೋ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತೆ. ನಮ್ಮ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಅನ್ನೋದು ಇದನ್ನೇ. ಎಲ್ಲ ಇಂಜಿನ್ನಲ್ಲೂ ಇದು ಇದ್ದೇ ಇರುತ್ತೆ. ಎಷ್ಟಿದೆ ಅನ್ನೋದಷ್ಟೇ ಪ್ರಶ್ನೆ. ಈ ಗ್ಯಾಸ್ ಹೊರಗೆ ಹೋಗದಿದ್ದರೆ ಒಳಗೆ ಒತ್ತಡ ಏರಿ ಆಯಿಲ್ ಸೀಲ್‌ಗಳು ಕಿತ್ತು ಬರುತ್ತವೆ. ಅದಕ್ಕೇ ಬ್ರೀದರ್, ಅಂದ್ರೆ ಗ್ಯಾಸ್ ಹೊರಹೋಗೋ ಪೈಪ್, ಇರೋದು.

ಹಳೇ ಕಾಲದ ಗಾಡಿಗಳಲ್ಲಿ ಒಂದು ಪೈಪನ್ನು ಸೀದಾ ರಸ್ತೆ ಕಡೆಗೆ ಬಾಗಿಸಿ ಬಿಟ್ಟಿರುತ್ತಿದ್ದರು. ಹೊಗೆ, ಎಣ್ಣೆ ಎಲ್ಲ ರಸ್ತೆಗೇ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಕಾಟ ತಡೆಯೋಕೆ ಪಿಸಿವಿ ವಾಲ್ವ್ ಬಂತು. ಇದು ಆ ಗ್ಯಾಸನ್ನು ವಾಪಸ್ ಇಂಜಿನ್ ಒಳಕ್ಕೇ ಎಳೆದು ಸುಡುತ್ತೆ.

ಸಾಮಾನ್ಯ ಪೆಟ್ರೋಲ್ ಇಂಜಿನ್ನಲ್ಲಿ ಎರಡು ದಾರಿ ಇರುತ್ತೆ. ಒಂದು, ಇಂಜಿನ್ ತಲೆ ಮೇಲಿನ ಮುಚ್ಚಳದಿಂದ (ಟ್ಯಾಪೆಟ್ ಕವರ್) ಪಿಸಿವಿ ವಾಲ್ವ್ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದ್ರೆ ಸಿಲಿಂಡರುಗಳಿಗೆ ಗಾಳಿ ಹಂಚೋ ಕೊಳವೆಗೆ. ಇದು ಗ್ಯಾಸ್ ಹೋಗೋ ದಾರಿ. ಇನ್ನೊಂದು, ಏರ್ ಫಿಲ್ಟರ್ ಡಬ್ಬಿಯಿಂದ ಟ್ಯಾಪೆಟ್ ಕವರಿಗೆ. ಇದು ಶುದ್ಧ ಗಾಳಿ ಬರೋ ದಾರಿ. ಮೊದಲನೇ ದಾರಿ ಕಟ್ಟಿಕೊಂಡರೆ ಗ್ಯಾಸ್ ಏನು ಮಾಡುತ್ತೆ? ಬಂದ ದಾರಿಯಲ್ಲೇ ವಾಪಸ್ ನುಗ್ಗುತ್ತೆ. ಜೊತೆಗೆ ಎಣ್ಣೆ ಹನಿಗಳನ್ನೂ ಹೊತ್ತುಕೊಂಡು ಹೋಗಿ ಏರ್ ಫಿಲ್ಟರಿಗೆ ಬಳಿಯುತ್ತೆ. ಅಂದ್ರೆ ಫಿಲ್ಟರ್ ಡಬ್ಬಿಯಲ್ಲಿ ಆಯಿಲ್ ಕಂಡ ತಕ್ಷಣ ರಿಂಗ್ ಹೋಯಿತು ಅಂತ ತೀರ್ಮಾನ ಮಾಡೋಕೆ ಆಗಲ್ಲ.

ಪೈಪಿನ ಒಳಗೆ ಬೆರಳಾಡಿಸಿದಾಗ ತೆಳ್ಳಗೆ ಜಿಡ್ಡು ಹತ್ತಿದರೆ ಅದು ಸಹಜ. ಹನಿ ಹನಿಯಾಗಿ ತೊಟ್ಟಿಕ್ಕಿದರೆ, ಫಿಲ್ಟರ್ ಕಾಗದ ನೆಂದು ಕಪ್ಪಾಗಿದ್ದರೆ, ಡಬ್ಬಿಯ ತಳದಲ್ಲಿ ಎಣ್ಣೆ ನಿಂತಿದ್ದರೆ ಮುಂದಿನ ಹಂತಗಳಿಗೆ ಬನ್ನಿ.

ಏನೇನು ಬೇಕು: ಸ್ಕ್ರೂಡ್ರೈವರ್, ಪ್ಲೈಯರ್, ಹಳೇ ಬಟ್ಟೆ, ಕಾರ್ಬ್ ಕ್ಲೀನರ್ ಸ್ಪ್ರೇ, ತೆಳು ಪ್ಲಾಸ್ಟಿಕ್ ಟ್ಯೂಬ್ ಹಾಕಿದ ದೊಡ್ಡ ಸಿರಿಂಜ್, ಪಾತ್ರೆ ತೊಳೆಯೋ ರಬ್ಬರ್ ಗ್ಲೌಸ್ ಒಂದು.

ಹಂತ 1: ಡಿಪ್‌ಸ್ಟಿಕ್

ಸುಮ್ನೆ ನಗಬೇಡಿ. ನಾನು ನೋಡಿದ ಬ್ರೀದರ್ ತಕರಾರುಗಳಲ್ಲಿ ಎಷ್ಟೋ ಇಲ್ಲೇ ಮುಗಿದಿವೆ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಇಂಜಿನ್ ಬಿಸಿಯಾಗಿದ್ದರೆ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿರೋ ಎಣ್ಣೆ ಕೆಳಗಿಳಿಯಲಿ. ಎಣ್ಣೆ ಮಟ್ಟ ತೋರಿಸೋ ಡಿಪ್‌ಸ್ಟಿಕ್ ತೆಗೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆದು ನೋಡಿ. ಮೇಲಿನ ಗುರುತು ದಾಟಿರಬಾರದು.

ಮಾವನ ಗಾಡಿಯಲ್ಲಿ ಎಣ್ಣೆ ಮೇಲಿನ ಗುರುತಿಗಿಂತ ಎರಡು ಬೆರಳು ಮೇಲಿತ್ತು. ಹಿಂದಿನ ಸರ್ವಿಸ್‌ನಲ್ಲಿ 4 ಲೀಟರ್ ಡಬ್ಬ ತಂದಿದ್ದರಂತೆ, "ಉಳುಸ್ಕೊಂಡೇನ್ಮಾಡದು" ಅಂತ ಪೂರ್ತಿ ಸುರಿಸಿದ್ದಾರೆ. ಗಾಡಿಯ ಪುಸ್ತಕ ತೆಗೆದು ನೋಡಿದರೆ, ಫಿಲ್ಟರ್ ಸೇರಿ 3.1 ಲೀಟರ್ ಸಾಕು. 900 ಎಂಎಲ್ ಜಾಸ್ತಿ!

ಎಣ್ಣೆ ಜಾಸ್ತಿ ಆದರೆ ತಿರುಗೋ ಕ್ರ್ಯಾಂಕ್‌ಶಾಫ್ಟ್ ಅದಕ್ಕೆ ತಗುಲುತ್ತೆ. ಕಡಗೋಲಿನಲ್ಲಿ ಮೊಸರು ಕಡೆದ ಹಾಗೆ ಎಣ್ಣೆ ನೊರೆಯಾಗುತ್ತೆ. ಆ ನೊರೆ, ತುಂತುರು ಎಲ್ಲ ಬ್ರೀದರ್ ಪೈಪಿಗೆ ಹತ್ತುತ್ತೆ. ಅದರಲ್ಲೂ ಮೈಸೂರು–ಬೆಂಗಳೂರು ಹೈವೇಯಲ್ಲಿ ಒಂದೇ ಸಮ 100ರಲ್ಲಿ ಓಡಿಸಿದಾಗ. ಊರೊಳಗೆ ಓಡಾಡುವಾಗ ಏನೂ ಗೊತ್ತಾಗದ ಗಾಡಿ, ಬೆಂಗಳೂರಿಗೆ ಹೋಗಿ ಬಂದ ಮಾರನೇ ದಿನ ಎಣ್ಣೆ ಕಕ್ಕಿರುತ್ತೆ.

ಜಾಸ್ತಿ ಇದ್ದರೆ ಡಿಪ್‌ಸ್ಟಿಕ್ ತೂತಿನಲ್ಲಿ ಟ್ಯೂಬ್ ಇಳಿಸಿ ಸಿರಿಂಜಿನಿಂದ ಎಳೆಯಿರಿ. ನಿಧಾನದ ಕೆಲಸ. ನೀರಿನ ಬಾಟಲಿಗೆ ತುಂಬಿಸುತ್ತಾ ಹೋದರೆ ಎಷ್ಟು ತೆಗೆದಿರಿ ಅನ್ನೋ ಲೆಕ್ಕವೂ ಸಿಗುತ್ತೆ. ಎರಡೂ ಗುರುತುಗಳ ನಡುವೆ, ಸ್ವಲ್ಪ ಮೇಲ್ಭಾಗದಲ್ಲಿ ನಿಲ್ಲಿಸಿ.

ಸರ್ವಿಸ್ ಆಗಿ ತಿಂಗಳುಗಳಾಗಿದ್ದು, ಯಾರೂ ಎಣ್ಣೆ ಹಾಕದೆ ಇದ್ದರೂ ಮಟ್ಟ ಏರಿದ್ದರೆ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ಅಥವಾ ಡೀಸೆಲ್ ವಾಸನೆ ಬಂದರೆ ಇಂಧನ ಎಣ್ಣೆಗೆ ಸೇರುತ್ತಿದೆ. 2020ರ ಏಪ್ರಿಲ್ ನಂತರ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಇದು ಹೆಚ್ಚು. ಹೊಗೆ ಫಿಲ್ಟರನ್ನು ಸುಟ್ಟು ಸ್ವಚ್ಛ ಮಾಡಿಕೊಳ್ಳೋಕೆ ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತೆ. ಬರೀ ಊರೊಳಗೆ ಓಡಿಸೋರ ಗಾಡಿಯಲ್ಲಿ ಆ ಕೆಲಸ ಅರ್ಧಕ್ಕೇ ನಿಂತು, ಉರಿಯದ ಡೀಸೆಲ್ ಎಣ್ಣೆಗೆ ಇಳಿಯುತ್ತೆ. ಇಲ್ಲಿ ಸಿರಿಂಜ್ ಹಿಡಿಯಬೇಡಿ, ಎಣ್ಣೆಯನ್ನೇ ಬದಲಾಯಿಸಿ.

ಹಂತ 2: ಏರ್ ಫಿಲ್ಟರ್

ಧೂಳು ಕಟ್ಟಿದ ಫಿಲ್ಟರಿನಿಂದ ಗಾಳಿ ಎಳೆಯೋಕೆ ಇಂಜಿನ್ ಒದ್ದಾಡುತ್ತೆ. ಫಿಲ್ಟರ್ ದಾಟಿದ ಮೇಲೆ ಬ್ರೀದರ್ ಪೈಪ್ ಸೇರೋ ಗಾಡಿಗಳಲ್ಲಿ ಆ ಎಳೆತ ಬ್ರೀದರಿಗೂ ತಾಗಿ ಎಣ್ಣೆ ಹೀರುತ್ತೆ. ಕಬ್ಬು ಕಡಿಯೋ ಕಾಲದಲ್ಲಿ ಮಂಡ್ಯದ ಹಳ್ಳಿ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಹೋಗೋರಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ನಡೆಯಲ್ಲ. ಎಣ್ಣೆ ಕುಡಿದ ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ ಹಾಕೋ ಉಪಾಯ ಬೇಡ. ಹೊಸದು ಹಾಕಿ.

ಹಂತ 3: ಪಿಸಿವಿ ವಾಲ್ವ್

ಹೆಬ್ಬೆರಳಿನಷ್ಟು ಗಾತ್ರದ ಸಣ್ಣ ಸಾಮಾನು. ಟ್ಯಾಪೆಟ್ ಕವರಿನ ಮೇಲೆ ರಬ್ಬರ್ ವಾಷರಿನಲ್ಲಿ ಸಿಕ್ಕಿಸಿರುತ್ತಾರೆ, ಇಲ್ಲವೇ ತಿರುಪಿ ಕೂರಿಸಿರುತ್ತಾರೆ. ಒಳಗೆ ಒಂದು ಸ್ಪ್ರಿಂಗ್, ಒಂದು ಗೂಟ. ಐಡಲಿಂಗ್‌ನಲ್ಲಿ ಮ್ಯಾನಿಫೋಲ್ಡಿನ ಎಳೆತ ಜಾಸ್ತಿ, ಆಗ ಗೂಟ ಎಳೆದುಕೊಂಡು ಸ್ವಲ್ಪವೇ ದಾರಿ ಬಿಡುತ್ತೆ. ಆಕ್ಸಿಲರೇಟರ್ ಕೊಟ್ಟಾಗ ಎಳೆತ ಕಡಿಮೆ, ಆಗ ದಾರಿ ಅಗಲವಾಗುತ್ತೆ. ಹಳೇ ಎಣ್ಣೆಯ ಗಸಿ ಮೆತ್ತಿಕೊಂಡರೆ ಗೂಟ ಅಲ್ಲೇ ಹಿಡಿದುಕೊಳ್ಳುತ್ತೆ.

ವಾಲ್ವ್ ಮುಟ್ಟೋಕೆ ಮುಂಚೆ ಹಂತ 4ರ ಗ್ಲೌಸ್ ಪರೀಕ್ಷೆ ಒಮ್ಮೆ ಮಾಡಿಕೊಳ್ಳಿ. ವಾಲ್ವ್ ನೋಡೋದು ಹೀಗೆ. ಇಂಜಿನ್ ಐಡಲಿಂಗ್‌ನಲ್ಲಿರಲಿ. ವಾಲ್ವನ್ನು ಪೈಪಿನ ಸಮೇತ ಕವರಿನಿಂದ ಮೇಲೆತ್ತಿ, ತುದಿಗೆ ಬೆರಳು ಒತ್ತಿ. ಬೆರಳನ್ನು ಹಿಡಿದು ಎಳೆದ ಹಾಗೆ ಆಗಬೇಕು, ಒಳಗೆ ಟಕ್ ಅನ್ನಬೇಕು. ಏನೂ ಎಳೆತ ಇಲ್ಲ ಅಂದ್ರೆ ವಾಲ್ವ್ ಅಥವಾ ಪೈಪ್ ಕಟ್ಟಿದೆ. ಆಮೇಲೆ ಇಂಜಿನ್ ಆಫ್ ಮಾಡಿ, ವಾಲ್ವ್ ಬಿಡಿಸಿ ಕಿವಿ ಹತ್ತಿರ ಅಲ್ಲಾಡಿಸಿ. ಗಿಲಕಿ ಹಾಗೆ ಕಟಕಟ ಅನ್ನಬೇಕು.

ಮಾವನ ಗಾಡಿಯದ್ದು ಮೂಕ. ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲ. ಕಾರ್ಬ್ ಕ್ಲೀನರ್ ಹೊಡೆದರೆ ಬೆಲ್ಲದ ಪಾಕದಂಥ ಕಪ್ಪು ಗಸಿ ಎಳೆ ಎಳೆಯಾಗಿ ಇಳಿಯಿತು. ತೊಳೆದ ಮೇಲೆ ಒಂಚೂರು ಅಲ್ಲಾಡಿತು. ಆದರೂ ಹೊಸದೇ ಹಾಕಿದೆವು. ಇದರ ಬೆಲೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ ಅಷ್ಟೆ, ಅದಕ್ಕೆ ಜಿಪುಣತನ ಮಾಡಬಾರದು. ಪೈಪ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಾಯಿಸಿ. ಎಣ್ಣೆ, ಪೆಟ್ರೋಲ್ ಆವಿ ತಡೆಯೋ ಪೈಪೇ ಆಗಬೇಕು. ತೋಟದ ನೀರಿನ ಪೈಪ್ ಸಿಕ್ಕಿಸಿದವರನ್ನು ನೋಡಿದ್ದೇನೆ, ಬಿಸಿಗೆ ಮೆತ್ತಗಾಗಿ ಒಳಗೇ ಮಡಚಿಕೊಂಡಿತ್ತು.

ಈಚಿನ ಎಷ್ಟೋ ಗಾಡಿಗಳಲ್ಲಿ ಬೇರೆ ವಾಲ್ವ್ ಇರಲ್ಲ. ಟ್ಯಾಪೆಟ್ ಕವರಿನಲ್ಲೇ ಒಂದು ರಬ್ಬರ್ ಡಯಾಫ್ರಾಮ್ ಕೂರಿಸಿರುತ್ತಾರೆ. ಅದು ಹರಿದರೆ ಐಡಲಿಂಗ್‌ನಲ್ಲಿ ಸಣ್ಣಗೆ ಶಿಳ್ಳೆ ಹೊಡೆದ ಸದ್ದು ಬರುತ್ತೆ, ಆಯಿಲ್ ಕ್ಯಾಪ್ ತೆಗೆಯೋಕೆ ಹೋದರೆ ಒಳಗಿಂದ ಹಿಡಿದಿಟ್ಟ ಹಾಗಿರುತ್ತೆ, ಸ್ಕ್ಯಾನರ್ ಹಾಕಿದರೆ ಪಿ 0171 ಕೋಡ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಅಂತ) ತೋರಿಸಬಹುದು. ಕೆಲವಕ್ಕೆ ಡಯಾಫ್ರಾಮ್ ಮಾತ್ರ ಸಿಗುತ್ತೆ, ಕೆಲವಕ್ಕೆ ಇಡೀ ಕವರ್ ಹಾಕಬೇಕು.

ಹಂತ 4: ಗ್ಲೌಸ್ ಪರೀಕ್ಷೆ

ನನಗೆ ತುಂಬಾ ಇಷ್ಟದ ಪರೀಕ್ಷೆ ಇದು. ಇಂಜಿನ್ ಬಿಸಿ ಮಾಡಿ ಐಡಲಿಂಗ್‌ನಲ್ಲಿ ಬಿಡಿ. ಆಯಿಲ್ ಕ್ಯಾಪ್ ತೆಗೆದು, ಗ್ಲೌಸಿನ ಬಾಯನ್ನು ಆ ತೂತಿನ ಕತ್ತಿಗೆ ಬಿಗಿಯಾಗಿ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿ. ಫ್ಯಾನ್ ಬೆಲ್ಟ್ ಕಡೆ ಗಮನ ಇರಲಿ, ಶಾಲು, ಉದ್ದ ತೋಳಿನ ಅಂಗಿ ಬೇಡ. ಕೆಲವು ಗಾಡಿಗಳಲ್ಲಿ ಎಣ್ಣೆ ಸಿಡಿಯುತ್ತೆ, ಸುತ್ತ ಬಟ್ಟೆ ಇಟ್ಟುಕೊಳ್ಳಿ.

ಆರೋಗ್ಯವಾಗಿರೋ ಪೆಟ್ರೋಲ್ ಇಂಜಿನ್ ಗ್ಲೌಸನ್ನು ಮೆಲ್ಲಗೆ ಒಳಗೆ ಎಳೆಯುತ್ತೆ. ಗ್ಲೌಸ್ ಉಬ್ಬಿ ನಿಂತರೆ ಒಳಗೆ ಒತ್ತಡ ಇದೆ. ಜೋರಾಗಿ ಒಳಗೆ ಎಳೆದುಕೊಂಡರೆ ಡಯಾಫ್ರಾಮ್ ಹರಿದಿದೆ.

ಈ ಪರೀಕ್ಷೆಯನ್ನು ಎರಡು ಸಲ ಮಾಡಬೇಕು, ಪಿಸಿವಿ ಸರಿ ಮಾಡೋಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ. ಹಳೇ ವಾಲ್ವ್ ಇದ್ದಾಗ ನಮ್ಮ ಹಳದಿ ಗ್ಲೌಸ್ ಐದೂ ಬೆರಳು ಬಿಡಿಸಿ ಆಶೀರ್ವಾದ ಮಾಡೋ ಹಾಗೆ ನಿಂತಿತು. ಮಾವ ಕೈಮುಗಿದರು. ಹೊಸ ವಾಲ್ವ್ ಹಾಕಿ ಮತ್ತೆ ಕಟ್ಟಿದೆವು. ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಕಿರುಬೆರಳು ಬಾಗಿತು, ಹಿಂದೆಯೇ ಹೆಬ್ಬೆರಳು, ನೋಡ್ತಾ ನೋಡ್ತಾ ಇಡೀ ಕೈ ಒಳಕ್ಕೆ ಮಡಚಿಕೊಂಡಿತು. ಹಾಫ್ ಇಂಜಿನ್ ಕೆಲಸದ ಮಾತು ಅಲ್ಲಿಗೆ ಮುಗಿಯಿತು.

ಎರಡನೇ ಸಲವೂ ಉಬ್ಬಿದರೆ? ಟ್ಯಾಪೆಟ್ ಕವರ್ ಬಿಚ್ಚಿ. ಅದರ ಒಳಮೈಯಲ್ಲಿ ಎಣ್ಣೆ ಬೇರ್ಪಡಿಸೋ ತಗಡು ಇರುತ್ತೆ. ಅಲ್ಲಿ ಗಸಿ ಕಟ್ಟಿದ್ದರೂ ಗ್ಯಾಸಿಗೆ ದಾರಿ ಇಲ್ಲ, ಎಣ್ಣೆಗೆ ಕೆಳಗಿಳಿಯೋ ದಾರಿಯೂ ಇಲ್ಲ. ತಗಡಿನ ಕವರ್ ಆದರೆ ಒಂದು ರಾತ್ರಿ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ನೆನೆಹಾಕಿ ತೊಳೆದು, ಪೂರ್ತಿ ಒಣಗಿಸಿ, ಹೊಸ ಗ್ಯಾಸ್ಕೆಟ್ ಜೊತೆ ಹಾಕಿ. ಬೋಲ್ಟ್‌ಗಳನ್ನು ನಡುವಿನಿಂದ ಶುರು ಮಾಡಿ ಅಡ್ಡಡ್ಡವಾಗಿ, ಹಗುರವಾಗಿ ಬಿಗಿ ಮಾಡಿ. ಇಲ್ಲಿ ಶಕ್ತಿಪ್ರದರ್ಶನ ಮಾಡಿದರೆ ಕವರ್ ಬಿರಿಯುತ್ತೆ.

ಕ್ಯಾಪಿನ ಕೆಳಗೆ ಕಾಫಿ ಮೇಲಿನ ಕೆನೆಯಂಥದ್ದು ಕಂಡರೆ ಗಾಬರಿ ಬೇಡ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತೆ, ಅದರಲ್ಲಿ ಚೂರು ಕ್ರ್ಯಾಂಕ್‌ಕೇಸಿಗೂ ಬರುತ್ತೆ. ಡಿಸೆಂಬರ್ ಚಳಿಯಲ್ಲಿ ಮನೆಯಿಂದ ದೇವರಾಜ ಮಾರ್ಕೆಟಿಗೆ ಹೋಗಿ ಹೂವು ತಂದು ನಿಲ್ಲಿಸೋ ಗಾಡಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗೋದೇ ಇಲ್ಲ. ವಾರಕ್ಕೊಮ್ಮೆ ಶ್ರೀರಂಗಪಟ್ಟಣದ ಆಚೆ ತನಕ ಓಡಿಸಿ ಬಂದರೆ ಆರಿಹೋಗುತ್ತೆ. ಆದರೆ ಡಿಪ್‌ಸ್ಟಿಕ್ಕಿನಲ್ಲೇ ಎಣ್ಣೆ ಹಾಲು ಹಾಲಾಗಿದ್ದು, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ ಹೋಗಿರೋ ಲಕ್ಷಣ. ಗಾಡಿ ಓಡಿಸಬೇಡಿ.

ಹಂತ 5: ಚಾಮುಂಡಿ ಬೆಟ್ಟ

ಮೈಸೂರಿನವರಿಗೆ ಪುಕ್ಕಟೆ ಸಿಕ್ಕಿರೋ ಲ್ಯಾಬ್ ಇದು. ಊರಿನಿಂದ ಸುಮಾರು 300 ಮೀಟರ್ ಎತ್ತರಕ್ಕೆ ಹತ್ತಬೇಕು. ಒಬ್ಬರು ಓಡಿಸಲಿ, ಇನ್ನೊಬ್ಬರು ಹಿಂದಿನ ಗಾಜಿನಲ್ಲಿ ಹೊಗೆ ನೋಡಲಿ.

ಹತ್ತುವಾಗ ಇಂಜಿನ್ ಮೇಲೆ ಭಾರ. ಉರಿಯೋ ಒತ್ತಡ ಜಾಸ್ತಿ, ರಿಂಗ್ ಸವೆದಿದ್ದರೆ ಗ್ಯಾಸ್ ನುಗ್ಗೋದೂ ಜಾಸ್ತಿ. ಹತ್ತುವಾಗಲೇ ಒಂದೇ ಸಮ ನೀಲಿ ಹೊಗೆ ಬಂದು, ಮೇಲೆ ಹೋಗಿ ನಿಲ್ಲಿಸಿದಾಗ ಬ್ರೀದರ್ ಪೈಪಿನಲ್ಲಿ ಹೊಸ ಎಣ್ಣೆ ಕಂಡರೆ ರಿಂಗ್ ಕಡೆ ಅನುಮಾನ. ಇಳಿಯುವಾಗ ಕಥೆ ಬೇರೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಮ್ಯಾನಿಫೋಲ್ಡಿನಲ್ಲಿ ಎಳೆತ ವಿಪರೀತ, ಇಂಜಿನ್ ತಲೆಯ ವಾಲ್ವುಗಳ (ಪಿಸಿವಿ ಅಲ್ಲ) ಸವೆದ ಸೀಲ್ ಪಕ್ಕದಿಂದ ಎಣ್ಣೆ ಇಳಿಯುತ್ತೆ. ತಪ್ಪಲಿಗೆ ಬಂದು ಆಕ್ಸಿಲರೇಟರ್ ಒತ್ತಿದ ತಕ್ಷಣ ಭುಸ್ ಅಂತ ನೀಲಿ ಹೊಗೆ ಬಂದು ಆಮೇಲೆ ನಿಂತರೆ ಅದು ವಾಲ್ವ್ ಸೀಲ್. ಈ ಕೆಲಸಕ್ಕೆ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಬೇಕಿಲ್ಲ, ಖರ್ಚು ಬಹಳ ಕಮ್ಮಿ. ಆಷಾಢ ಶುಕ್ರವಾರ ಮಾತ್ರ ಈ ಪರೀಕ್ಷೆಗೆ ಹೋಗಬೇಡಿ!

ಹಂತ 6: ಕಂಪ್ರೆಷನ್ ಅಳತೆ

ಇಲ್ಲಿವರೆಗೂ ಬಗೆಹರಿಯದಿದ್ದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಗೇಜ್ ಇರೋ ಗ್ಯಾರೇಜಿಗೆ ಹೋಗಿ. ಕಿವಿಯಲ್ಲಿ ಕೇಳಿ "ಕಂಪ್ರೆಷನ್ ಬಿದ್ದಿದೆ" ಅನ್ನೋರ ಹತ್ತಿರ ಬೇಡ. ನಂಬರ್ ಬರೆದುಕೊಡಿ ಅಂತ ಕೇಳಿ.

ಸರಿಯಾದ ವಿಧಾನ: ಇಂಜಿನ್ ಬಿಸಿ ಇರಬೇಕು, ಬ್ಯಾಟರಿ ಗಟ್ಟಿಯಾಗಿರಬೇಕು. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಇಗ್ನಿಷನ್ ಕಾಯಿಲ್ ಕನೆಕ್ಟರ್ ಬಿಡಿಸಿ, ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಒಂದೊಂದು ಸಿಲಿಂಡರಿಗೂ ಐದಾರು ಸುತ್ತು ಸೆಲ್ಫ್ ಹೊಡೆಯಬೇಕು. ಸಾಮಾನ್ಯ ಪೆಟ್ರೋಲ್ ಇಂಜಿನ್ ಸುಮಾರು 150ರಿಂದ 200 ಪಿಎಸ್ಐ ತೋರಿಸುತ್ತೆ, ನಿಮ್ಮ ಗಾಡಿಯ ಖಚಿತ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ನೂರಕ್ಕೆ 15 ದಾಟಬಾರದು. ಮಾವನ ಸಮಾಧಾನಕ್ಕೆ ನಾವೂ ಮಾಡಿಸಿದೆವು: 172, 168, 175, 170. ಇದಕ್ಕಿಂತ ಇನ್ನೇನು ಬೇಕು?

ಯಾವುದಾದರೂ ಸಿಲಿಂಡರ್ ಕಡಿಮೆ ತೋರಿಸಿದರೆ ಪ್ಲಗ್ ತೂತಿನಲ್ಲಿ ಒಂದು ಟೀ ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಲೀಕ್‌ಡೌನ್ ಪರೀಕ್ಷೆ ಮಾಡೋರು ಸಿಕ್ಕರೆ ಇನ್ನೂ ಒಳ್ಳೇದು. ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತೆ ಅಂತ ಕಿವಿಗೊಡೋದು. ಆಯಿಲ್ ಕ್ಯಾಪಿನ ತೂತಿನಲ್ಲಿ ಭುಸುಗುಟ್ಟಿದರೆ ರಿಂಗ್, ಸೈಲೆನ್ಸರಿನಲ್ಲಾದರೆ ಎಕ್ಸಾಸ್ಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಈ ಅಂಕಿಗಳು ಕೈಯಲ್ಲಿದ್ದು, ರಿಂಗ್ ಹೋಗಿದೆ ಅಂತ ಗೊತ್ತಾದರೆ ಆಗ ಇಂಜಿನ್ ಬಿಚ್ಚಿಸಿ.

ಡೀಸೆಲ್ ಗಾಡಿಯವರು ಇದನ್ನು ಓದಲೇಬೇಕು

ಡೀಸೆಲ್‌ನಲ್ಲಿ ಬ್ರೀದರ್ ಪೈಪ್ ಟರ್ಬೋಗೆ ಹೋಗೋ ಗಾಳಿಯ ದಾರಿಗೆ ಸೇರುತ್ತೆ. ಎಣ್ಣೆ ಹೆಚ್ಚಾದರೆ ಟರ್ಬೋ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಒಳಗೆ ಕೂರುತ್ತೆ. ಪೈಪ್ ಬಿಚ್ಚಿ ಎಣ್ಣೆ ಕಂಡ ಕೂಡಲೇ "ಟರ್ಬೋ ಹೋಗಿದೆ" ಅನ್ನೋರು ಜಾಸ್ತಿ. ನಿಧಾನಿಸಿ. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಇದ್ದರೆ ಟರ್ಬೋದಿಂದ ಎಣ್ಣೆ ಕೆಳಗಿಳಿಯೋಕೆ ಆಗದೆ ಅದರ ಸೀಲಿನಲ್ಲೂ ಸೋರುತ್ತೆ. ಬ್ರೀದರ್ ಸರಿ ಮಾಡದೆ ಹೊಸ ಟರ್ಬೋ ಹಾಕಿದರೆ ಅದೂ ಎಣ್ಣೆ ಬಿಡುತ್ತೆ.

ಇನ್ನೊಂದು ಅಪಾಯ ಇದೆ. ನಿಂತ ಎಣ್ಣೆಯನ್ನು ಇಂಜಿನ್ ಒಮ್ಮೆಲೇ ಹೀರಿಕೊಂಡರೆ ಅದನ್ನೇ ಡೀಸೆಲ್ ಹಾಗೆ ಉರಿಸಿಕೊಂಡು ರೇಸ್ ಏರುತ್ತಾ ಹೋಗಬಹುದು. ಕೀ ತಿರುಗಿಸಿದರೂ ನಿಲ್ಲಲ್ಲ. ಗೇರ್ ಗಾಡಿಯಾದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಕೊಲ್ಲಬೇಕು. ಗಾಳಿಯ ಪೈಪಿಗೆ ಕೈ ಅಡ್ಡ ಹಿಡಿಯೋ ಸಾಹಸ ಬೇಡವೇ ಬೇಡ. ಅದಕ್ಕೇ ಇಂಟರ್‌ಕೂಲರಿನ ಎಣ್ಣೆ ಬಸಿದು ತೊಳೆಯೋ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ.

ಬಾಟಲಿ ಕಟ್ಟೋದು, ಬೂಚು ಹಾಕೋದು, ಕ್ಯಾಚ್ ಕ್ಯಾನ್

ಪೈಪ್ ಬಿಡಿಸಿ ನೀರಿನ ಬಾಟಲಿಗೆ ಬಿಟ್ಟು ತಂತಿಯಲ್ಲಿ ಕಟ್ಟಿಕೊಂಡು ಓಡಾಡೋ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದರಿಂದ ಏರ್ ಫಿಲ್ಟರ್ ಒಣಗಿರುತ್ತೆ, ನಿಜ. ಆದರೆ ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಐಡಲಿಂಗ್ ಕೆಡುತ್ತೆ, ಹೊಗೆ ಗಾಡಿ ಒಳಗೂ ಬರುತ್ತೆ. ಬೂಚು ಹಾಕೋದು ಇನ್ನೂ ಕೆಟ್ಟದ್ದು. ಕುಕ್ಕರಿನ ವಿಷಲ್ ಬಂದ್ ಮಾಡಿದ ಹಾಗೆ. ಡಿಪ್‌ಸ್ಟಿಕ್ ಹಾರುತ್ತೆ, ಇಲ್ಲವೇ ಕ್ರ್ಯಾಂಕ್ ಸೀಲ್ ಹೋಗುತ್ತೆ. ಹಿಂದಿನ ಸೀಲ್ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು.

ಕ್ಯಾಚ್ ಕ್ಯಾನ್ ಅಂದ್ರೆ ಬ್ರೀದರ್ ಪೈಪಿನ ನಡುವೆ ಕೂರಿಸಿ ಎಣ್ಣೆ ಹಿಡಿಯೋ ಡಬ್ಬಿ. ಒಳ್ಳೇ ಸಾಮಾನು, ಆದರೆ ಎಲ್ಲ ಸರಿಯಾಗಿರೋ ಇಂಜಿನ್ನಿಗೆ ಮಾತ್ರ. ಕಾಯಿಲೆ ಇಟ್ಟುಕೊಂಡು ಇದನ್ನು ಹಾಕಿದರೆ ಎಣ್ಣೆ ಎಲ್ಲಿ ಹೋಗ್ತಿದೆ ಅಂತಷ್ಟೇ ಗೊತ್ತಾಗುತ್ತೆ. ಹಾಕೋದಾದರೆ ಒಳಗೆ ಅಡ್ಡ ತಗಡು ಅಥವಾ ಸ್ಟೀಲ್ ಜಾಲರಿ ಇರೋದನ್ನೇ ಕೊಳ್ಳಿ. ಬರೀ ಖಾಲಿ ಡಬ್ಬಿಯಲ್ಲಿ ಎಣ್ಣೆ ನಿಲ್ಲಲ್ಲ. ಪೈಪಿನ ಗಾತ್ರ ಮೂಲದ್ದಕ್ಕಿಂತ ಸಣ್ಣದಾಗಬಾರದು, ಎಲ್ಲೂ ಜೋತು ಬೀಳಬಾರದು, ಕ್ಯಾನಿನಿಂದ ಹೊರಟ ಪೈಪ್ ಮತ್ತೆ ಇನ್‌ಟೇಕಿಗೇ ಸೇರಬೇಕು. ಸಾವಿರ, ಒಂದೂವರೆ ಸಾವಿರ ಕಿಲೋಮೀಟರಿಗೊಮ್ಮೆ ಬಸಿಯಿರಿ. ವಾರಂಟಿ ಇರೋ ಗಾಡಿಗೆ ಇದು ಬೇಡ.

ತೊಳೆದು ಮುಗಿಸೋದು

ಕಾರಣ ಸರಿ ಮಾಡಿದ ಮೇಲೆ ಹಳೇ ಎಣ್ಣೆ ತೆಗೆಯದಿದ್ದರೆ ಮುಂದಿನ ಸಲ ನೋಡಿದಾಗ ಹೊಸದ್ಯಾವುದು ಹಳೇದ್ಯಾವುದು ಗೊತ್ತಾಗಲ್ಲ. ಇಂಜಿನ್ ಆರಿದ ಮೇಲೆ ಫಿಲ್ಟರ್ ಡಬ್ಬಿ, ಪೈಪ್, ಇಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಒರೆಸಿ. ಬಿಸಿ ಇಂಜಿನ್ ಮೇಲೆ ಸ್ಪ್ರೇ ಹೊಡೆಯಬೇಡಿ, ಹತ್ತಿಕೊಳ್ಳುತ್ತೆ. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಒಳಗಿನ ತಟ್ಟೆಯನ್ನು ಬೆರಳಿನಿಂದ ತಳ್ಳಬೇಡಿ, ಬಟ್ಟೆಗೆ ಸ್ಪ್ರೇ ಹೊಡೆದು ಒರೆಸಿ. ಗಾಳಿಯ ಸೆನ್ಸರಿಗೆ ಅದರದ್ದೇ ಬೇರೆ ಕ್ಲೀನರ್ ಬರುತ್ತೆ.

ಆಮೇಲೆ ಡಿಪ್‌ಸ್ಟಿಕ್ ಮಟ್ಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ಕಿಲೋಮೀಟರ್ ಬರೆದಿಡಿ. ಮಂಡ್ಯ–ಮೈಸೂರು ಹನ್ನೊಂದು ಸಲ ಹೋಗಿ ಬಂದರೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. ಆಗ ಮತ್ತೆ ನೋಡಿ. ಸಾವಿರಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಇಳಿದಿದ್ದರೆ ನಾನಾದರೆ ಮತ್ತೆ ಹಂತ 5ಕ್ಕೆ ಹೋಗುತ್ತೇನೆ. ಮಾವನ ಗಾಡಿಯಲ್ಲಿ ಮಟ್ಟ ಒಂದು ಕೂದಲೆಳೆಯಷ್ಟು ಇಳಿದಿತ್ತು, ಫಿಲ್ಟರ್ ಡಬ್ಬಿ ಒಣಗಿತ್ತು.

ಸಿರಿಂಜಿನಲ್ಲಿ ಎಳೆದ ಆ 900 ಎಂಎಲ್ ಕಪ್ಪು ಎಣ್ಣೆಯನ್ನು ಮಾವ ವಿಸಿ ನಾಲೆ ಪಕ್ಕ ಸುರಿದುಬಿಡ್ತೀನಿ ಅಂತಿದ್ದರು. ನಾಲೆ ನೀರು ಹೋಗೋದು ಅವರದ್ದೇ ಗದ್ದೆಗೆ ಅಂತ ನೆನಪಿಸಿದೆ. ಬಾಟಲಿ ಮುಚ್ಚಳ ಬಿಗಿ ಮಾಡಿ, ಹಳೇ ಆಯಿಲ್ ಡ್ರಮ್ಮಿನಲ್ಲಿ ಕೂಡಿಟ್ಟು ರೀಸೈಕಲ್‌ಗೆ ಕೊಡೋ ಗ್ಯಾರೇಜಿಗೆ ಕೊಟ್ಟು ಬಂದರು.